ಸೋಡಿಯಂ ಇಳಿದರೆ ಉಪ್ಪುನೀರು ಕುಡಿಸಬೇಡಿ

‘ಐಸಿಯುನಲ್ಲಿರುವವರಿಗೆ ಸೋಡಿಯಂ ಇಳಿದರೆ ಉಪ್ಪುನೀರು ಕುಡಿಸಿ, ಬೇಗ ಸರಿಹೋಗುತ್ತದೆ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ಅಪಾಯವೂ ಹೌದು.

ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಕಾಯಿಲೆ ಜೋರಾದಾಗ ನೀರು ಹಿಡಿದಿಡುವ ಹಾರ್ಮೋನು ಜಾಸ್ತಿಯಾಗುತ್ತದೆ. ಮೂತ್ರ ಕಮ್ಮಿಯಾಗಿ ನೀರು ಒಳಗೇ ಉಳಿಯುತ್ತದೆ. ಹಾಗಾಗಿ ಎಷ್ಟೋ ಸಲ ಕೊರತೆ ಉಪ್ಪಿನದಲ್ಲ, ನೀರೇ ಜಾಸ್ತಿ.

ಮಂಪರಿನಲ್ಲಿರುವವರ ಬಾಯಿಗೆ ಚಮಚದಲ್ಲಿ ನೀರು ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಸುಮ್ನೆ ಪ್ರಯತ್ನಿಸೋಣ ಅನ್ನುವ ವಿಷಯವಲ್ಲ ಇದು.

‘ಬೇಗ’ ಅನ್ನುವುದೂ ಸರಿಯಲ್ಲ. ದಿನಗಟ್ಟಲೆ ಇಳಿದಿದ್ದ ಸೋಡಿಯಂ ದಿಢೀರನೆ ಏರಿದರೆ ಮಿದುಳಿನ ನರಗಳ ಹೊದಿಕೆ ಹಾಳಾಗಿ, ಮಾತಾಡಲು, ನುಂಗಲು ಕಷ್ಟವಾಗಬಹುದು. ಅದಕ್ಕೇ ವೈದ್ಯರು 24 ಗಂಟೆಯಲ್ಲಿ ಸಾಮಾನ್ಯವಾಗಿ 8ರಿಂದ 10 ಮಿಲಿಮೋಲ್ ದಾಟದಂತೆ ಏರಿಸುತ್ತಾರೆ, ಮತ್ತೆ ಮತ್ತೆ ರಕ್ತ ತೆಗೆದು ನೋಡುತ್ತಾರೆ. ಫಿಟ್ಸ್ ಬಂದಾಗ 3% ಸಲೈನ್ (ಗಾಢವಾದ ಉಪ್ಪಿನ ದ್ರಾವಣ) ಕೊಡುವುದುಂಟು, ಅದೂ ಅಳತೆಯಲ್ಲಿ, ರಕ್ತನಾಳದ ಮೂಲಕ.