ಶಾಮಿಯಾನದ ಕೆಳಗೆ ಎಷ್ಟು ಜನ ಇದ್ದರು?

ಹೋದ ವಾರ ಕಪಾಟು ಖಾಲಿ ಮಾಡುವಾಗ ಒಂದು ಹಳೆ ಜೆರಾಕ್ಸ್ ಕಟ್ಟು ಸಿಕ್ಕಿತು. ನಮ್ಮೂರ ಹತ್ತಿರದ ಸಕ್ಕರೆ ಕಾರ್ಖಾನೆಯವರು ಡಿಸ್ಟಿಲರಿ ಹಾಕ್ತೀವಿ ಅಂದಾಗ ನಡೆದ ಪರಿಸರ ಸಭೆಯ ನಡವಳಿ. ಸರ್ಕಾರಿ ಭಾಷೆಯಲ್ಲಿ ‘ಸಾರ್ವಜನಿಕ ಆಲಿಕೆ’. ಅದರಲ್ಲಿ ಒಂದು ಸಾಲು: “ಸಭೆಯಲ್ಲಿ ಹಾಜರಿದ್ದ ಹೆಚ್ಚಿನ ಸಾರ್ವಜನಿಕರು ಯೋಜನೆಯನ್ನು ಸ್ವಾಗತಿಸಿರುತ್ತಾರೆ.”

ನಾನೂ ಆ ಸಭೆಯಲ್ಲಿದ್ದೆ. ಹಾಗಾಗಿ ಈ ‘ಹೆಚ್ಚಿನ’ ಅನ್ನೋದು ಹೇಗೆ ಬಂತು ಅಂತ ಗೊತ್ತು.

ಶಾಮಿಯಾನ ಹಾಕಿದ್ದರು. ಮುಂದಿನ ಐದಾರು ಸಾಲು ಕುರ್ಚಿ ಬೆಳಿಗ್ಗೆ ಒಂಬತ್ತಕ್ಕೇ ತುಂಬಿತ್ತು. ಮಿನಿ ಬಸ್ಸಲ್ಲಿ ಬಂದವರು, ಎಲ್ಲರ ಹೆಗಲ ಮೇಲೂ ಒಂದೇ ಥರದ ಟವೆಲ್. ಆ ಕಡೆ ಉಪ್ಪಿಟ್ಟು, ಕೇಸರಿಬಾತ್. ಅಧಿಕಾರಿಗಳು ಬಂದ ಮೇಲೆ ಒಬ್ಬೊಬ್ಬರೇ ಮೈಕ್ ಹಿಡಿದು “ಹುಡುಗ್ರಿಗೆ ಕೆಲ್ಸ ಸಿಗುತ್ತೆ ಸ್ವಾಮಿ, ಬೇಗ ಮಾಡಿಕೊಡಿ” ಅಂದರು. ಚಪ್ಪಾಳೆ. ಊರಿನವರು ಬಂದಿದ್ದು ಹನ್ನೊಂದಕ್ಕೆ, ಹಾಲು ಹಾಕಿ, ದನಕ್ಕೆ ಹುಲ್ಲು ಹಾಕಿ. ಹಿಂದೆ ನಿಂತರು.

ನಡುವೆ ಒಬ್ಬ ಅಜ್ಜಿ ಎದ್ದು ಹೋದರು. ಕೈಯಲ್ಲಿ ಒಂದು ಲೀಟರ್ ಬಾಟ್ಲು, ಒಳಗೆ ಅವರ ಬೋರ್‌ವೆಲ್ ನೀರು, ತೆಳ್ಳನೆ ಡಿಕಾಕ್ಷನ್ ಬಣ್ಣ. ಅದನ್ನು ಮೇಜಿನ ಮೇಲಿಟ್ಟು “ಇದ್ನ ಬರ್ಕಳಿ” ಅಂದರು. ಅಷ್ಟೇ. ವಾಪಸ್ ಬಂದು ಕೂತರು. ನಡವಳಿಯಲ್ಲಿ ಅವರ ಪಾಲಿಗೆ ಒಂದು ಸಾಲು ಇದೆ: ನೀರಿನ ಬಗ್ಗೆ ಪ್ರಸ್ತಾಪಿಸಿದರು. ಪಕ್ಕದ ಕಾಲಂನಲ್ಲಿ ಕಂಪನಿಯ ಉತ್ತರ: ಘಟಕದಿಂದ ಹನಿ ನೀರೂ ಹೊರಗೆ ಬಿಡುವುದಿಲ್ಲ. ನೀರಿನ ಬಣ್ಣದ ಮಾತು ಎರಡು ಕಾಲಂನಲ್ಲೂ ಇಲ್ಲ.

ನಮ್ಮ ದೊಡ್ಡಪ್ಪ ಬಾಯೇ ಬಿಡಲಿಲ್ಲ. ಮನೆಯಲ್ಲಿ ದಿನಾ ಬಯ್ಯೋರು ಅವರೇ. ದಾರಿಯಲ್ಲಿ ಕೇಳಿದೆ, “ಏನ್ ದೊಡ್ಡಪ್ಪ, ಸುಮ್ನೆ ಕೂತ್ಬಿಟ್ರಲ್ಲ?”

“ಹೋದ್ ವರ್ಷದ ಕಬ್ಬಿನ್ ಬಿಲ್ಲೇ ಇನ್ನೂ ಬಂದಿಲ್ಲ ಕಣಪ್ಪ. ಈ ಸಲದ ಕಟಾವು ಪರ್ಮಿಟ್ಟೂ ಅವ್ರ ಕೈಲೇ ಐತೆ. ಮೈಕ್ ಮುಂದೆ ನಿಂತ್ಕಂಡು ನಾನೇನ್ ಮಾತಾಡ್ಲಿ?”

ಒಂದು ಉದ್ಯಮಕ್ಕೆ ಲಗಾಮು ಹಾಕಿ ಅಂತ ಜನ ನಿಜವಾಗಿ ಎಷ್ಟು ಕೇಳ್ತಿದ್ದಾರೆ? ಅದನ್ನು ಅಳೆಯೋದು ಹೇಗೆ? ನನ್ನ ಪ್ರಕಾರ ನಮ್ಮಲ್ಲಿ ಅಳೆಯೋದೇ ಇಲ್ಲ, ತಲೆ ಎಣಿಸ್ತೀವಿ. ಎಣಿಕೆಯಲ್ಲಿ ಗೆಲ್ಲೋದು ಬಸ್ ಮಾಡಿಸುವವರು. ಇಂಥ ಸಭೆ ಹೇಗೆ ನಡೆಸಬೇಕು ಅಂತ ಹೇಳುವ 2006ರ ಪರಿಸರ ಅಧಿಸೂಚನೆ ಓದಿದರೆ ತಮಾಷೆ ಅನ್ನಿಸುತ್ತೆ. ಸಭೆ ಶುರುವಾಗಲು ಇಷ್ಟೇ ಜನ ಇರಬೇಕು ಅಂತ ಅದರಲ್ಲಿ ಇಲ್ಲ, ಕೋರಂ ಬೇಡ ಅಂತಲೇ ಇದೆ. ಅಂದರೆ ನಿಯಮ ಬರೆದವರಿಗೂ ಇದು ಮತದಾನ ಅಲ್ಲ ಅಂತ ಗೊತ್ತಿತ್ತು. ಜನರ ಆತಂಕ ಏನು, ಅದಕ್ಕೆ ಕಂಪನಿ ಏನು ಉತ್ತರ ಕೊಟ್ಟಿತು, ಅದು ದಾಖಲಾಗಬೇಕಿತ್ತು. ಆಗಿದ್ದು ಚಪ್ಪಾಳೆಯ ಲೆಕ್ಕ.

ಇದೇ ಆಟ ದೊಡ್ಡ ಮಟ್ಟದಲ್ಲಿ ನಡೆದದ್ದು ನೆಟ್ ನ್ಯೂಟ್ರಾಲಿಟಿ, ಅಂದರೆ ಇಂಟರ್ನೆಟ್ ಕೊಡುವ ಕಂಪನಿ ಎಲ್ಲ ವೆಬ್‌ಸೈಟನ್ನೂ ಒಂದೇ ಥರ ನೋಡಬೇಕು ಅನ್ನೋ ಗಲಾಟೆಯಲ್ಲಿ. ನೆನಪಿದೆಯಾ? 2014ರ ಡಿಸೆಂಬರ್‌ನಲ್ಲಿ ಏರ್‌ಟೆಲ್ ಇಂಟರ್ನೆಟ್ ಕಾಲ್‌ಗೆ ಬೇರೆ ದುಡ್ಡು ಅಂದಿತು, ಜನ ಕೂಗಾಡಿದ ಮೇಲೆ ಹಿಂದೆ ಸರಿಯಿತು. 2015ರ ಮಾರ್ಚ್‌ನಲ್ಲಿ ಟೆಲಿಕಾಂ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ ಟ್ರಾಯ್ ಇದರ ಬಗ್ಗೆ 118 ಪುಟದ ಚರ್ಚಾಪತ್ರ ಬಿಟ್ಟಿತು, 20 ಪ್ರಶ್ನೆ ಕೇಳಿತು. ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಬಂದವು.

ಅದರಲ್ಲಿ ಒಂದು ನನ್ನದು. 118 ಪುಟದಲ್ಲಿ ಒಂದು ಪುಟವನ್ನೂ ನಾನು ಓದಿರಲಿಲ್ಲ. ಯಾರೋ ಉತ್ತರ ಬರೆದಿಟ್ಟಿದ್ದರು, ಕಾಪಿ ಮಾಡಿ ಕಳಿಸಿದೆ. ಎರಡು ನಿಮಿಷದ ಕೆಲಸ. ಆಮೇಲೆ ಕಾಫಿ ಕುಡಿಯುತ್ತಾ ದೇಶ ಉಳಿಸಿದವನ ಥರ ಕೂತಿದ್ದೆ. ಹೇಳಿಕೊಳ್ಳೋಕೆ ನಾಚಿಕೆ, ಆದರೆ ನಿಜ.

ಆ ವರ್ಷದ ಡಿಸೆಂಬರ್‌ನಲ್ಲಿ ಟ್ರಾಯ್ ಇನ್ನೊಂದು ಪತ್ರ ಬಿಟ್ಟಿತು. ಒಂದೊಂದು ವೆಬ್‌ಸೈಟಿಗೆ ಒಂದೊಂದು ರೇಟು ಇಡಬಹುದಾ ಅನ್ನೋದರ ಬಗ್ಗೆ, ನಾಲ್ಕೇ ಪ್ರಶ್ನೆ. ಆಗ ಫೇಸ್‌ಬುಕ್ (ಹೌದು, ಈ ಪೋಸ್ಟ್ ನೀವು ಓದ್ತಿರೋ ಇದೇ ಫೇಸ್‌ಬುಕ್) ಆಯ್ದ ಕೆಲವು ವೆಬ್‌ಸೈಟ್‌ಗಳನ್ನಷ್ಟೇ ಡೇಟಾ ದುಡ್ಡಿಲ್ಲದೆ ತೋರಿಸುವ ತನ್ನ ಫ್ರೀ ಬೇಸಿಕ್ಸ್ ಉಳಿಸಿಕೊಳ್ಳಲು ಪೇಪರ್‌ಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟಿತು. ತನ್ನ ಬಳಕೆದಾರರ ಮುಂದೆ ಬಟನ್ ಇಟ್ಟಿತು. ಒತ್ತಿದರೆ ಸಿದ್ಧ ಪತ್ರ ಟ್ರಾಯ್‌ಗೆ ಹೋಗುತ್ತಿತ್ತು. ಬಂದ ಒಟ್ಟು 24 ಲಕ್ಷ ಅಭಿಪ್ರಾಯದಲ್ಲಿ ಸುಮಾರು 19 ಲಕ್ಷ ಫ್ರೀ ಬೇಸಿಕ್ಸ್ ಪರ.

ಬರೀ ತಲೆ ಎಣಿಸಿದ್ದರೆ ಅವತ್ತೇ ಕತೆ ಮುಗಿಯಬೇಕಿತ್ತು. ಟ್ರಾಯ್ ಎಣಿಸಲಿಲ್ಲ. ನಾವು ಕೇಳಿದ ನಾಲ್ಕು ಪ್ರಶ್ನೆಗೆ ಇದರಲ್ಲಿ ಉತ್ತರವೇ ಇಲ್ಲ, ಸಮಾಲೋಚನೆಯನ್ನು ತಲೆ ಎಣಿಸೋ ಆಟ ಮಾಡ್ತಿದ್ದೀರಿ ಅಂತ 2016ರ ಜನವರಿಯಲ್ಲಿ ಕಂಪನಿಗೆ ಖಾರವಾಗಿಯೇ ಪತ್ರ ಬರೆಯಿತು. ಫೆಬ್ರವರಿ 8ಕ್ಕೆ ನಿಯಮ ಬಂತು: ಯಾವ ವೆಬ್‌ಸೈಟ್ ನೋಡ್ತೀರಿ ಅನ್ನೋದರ ಮೇಲೆ ಡೇಟಾ ದರ ಬದಲಿಸುವಂತಿಲ್ಲ. ಮೀರಿದರೆ ದಿನಕ್ಕೆ 50 ಸಾವಿರ, ಹೆಚ್ಚೆಂದರೆ 50 ಲಕ್ಷ ದಂಡ. ಕೆಲವೇ ದಿನಕ್ಕೆ ಫ್ರೀ ಬೇಸಿಕ್ಸ್ ಇಲ್ಲಿಂದ ಗಂಟುಮೂಟೆ ಕಟ್ಟಿತು.

ನನ್ನ ಕಾಪಿ ಇಮೇಲಿಗೂ ಆ ಬಟನ್‌ಗೂ ಏನು ವ್ಯತ್ಯಾಸ ಅಂತ ನೀವು ಕೇಳಬಹುದು. ನನ್ನ ಶ್ರಮ ನೋಡಿದರೆ ಏನೂ ಇಲ್ಲ. ಆದರೆ ನಾನು ಕಳಿಸಿದ ಕಾಗದದಲ್ಲಿ ಪ್ರಶ್ನೆಗೆ ಉತ್ತರ ಇತ್ತು, ಆ ಉತ್ತರ ಯಾರೋ ತಲೆಕೆಡಿಸಿಕೊಂಡು ಬರೆದದ್ದು. ಅದು ಹತ್ತು ಲಕ್ಷ ಸಲ ಬಂದರೂ ಒಂದೇ ವಾದ, ಒಂದು ಸಲ ಬಂದರೂ ಅದೇ ವಾದ. ಸಂಖ್ಯೆಯಿಂದ ಆದ ಉಪಕಾರ ಒಂದೇ. ಟಿವಿಯವರು ತಿರುಗಿ ನೋಡಿದರು.

ಇನ್ನೊಂದು ಕಡೆ ಲೆಕ್ಕವೇ ಅಡ್ಡಡ್ಡ ಹೋಗುತ್ತೆ. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಆ 2006ರ ಅಧಿಸೂಚನೆಯ ಬದಲಿಗೆ ಹೊಸ ಕರಡು ಬಿಟ್ಟಿತು. ಸಾರ್ವಜನಿಕ ಆಲಿಕೆಗೆ ಇದ್ದ 30 ದಿನದ ನೋಟಿಸನ್ನು 20ಕ್ಕೆ ಇಳಿಸೋ ಮಾತೂ ಅದರಲ್ಲಿತ್ತು. ಕೊರೊನಾ ಕಾಲ, ಎಲ್ಲರೂ ಮನೆಯಲ್ಲಿ. ಪ್ರತಿಕ್ರಿಯೆಗಳು 15 ಲಕ್ಷ ದಾಟಿದವು. ಆದರೆ ಅದರಲ್ಲಿ ಕನ್ನಡ ಮಾತ್ರ ಓದುವ ರೈತನ ದನಿ ಎಷ್ಟಿರಬಹುದು? ಕರಡು ಅವನ ಭಾಷೆಯಲ್ಲಿ ಇರಲೇ ಇಲ್ಲ. 22 ಭಾಷೆಗೆ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಸ್ಥಳೀಯ ಭಾಷೆಯಲ್ಲಿ ಸರಿಯಾಗಿ ಪ್ರಚಾರವೇ ಆಗಿಲ್ಲ ಅನ್ನೋ ಪ್ರಶ್ನೆಯಲ್ಲೇ ನಮ್ಮ ಹೈಕೋರ್ಟ್ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಚಿಮಣಿ ಹೊಗೆ ಯಾರ ಮನೆ ಮೇಲೆ ಬೀಳುತ್ತೋ ಅವರಿಗೆ ಕಾಗದವೇ ಮುಟ್ಟಿರೋದಿಲ್ಲ. ಆಮೇಲೆ ‘ಸ್ಥಳೀಯರಿಂದ ಆಕ್ಷೇಪ ಬಂದಿಲ್ಲ’ ಅಂತ ಷರಾ ಬರೀತಾರೆ.

ಒಂದೊಂದು ಸಲ ಮಾತ್ರ ಲೆಕ್ಕ ಸಲೀಸು. 2022ರಲ್ಲಿ ಬೆಂಗಳೂರಲ್ಲಿ ಮೊದಲ ಎರಡು ಕಿಲೋಮೀಟರಿಗೆ ಆಟೋ ದರ 30 ರೂಪಾಯಿ, ಆ್ಯಪಲ್ಲಿ ನೂರು. ಜನ ಸ್ಕ್ರೀನ್‌ಶಾಟ್ ಹಾಕಿದರು. ದಿನ, ಹೊತ್ತು, ದೂರ, ದುಡ್ಡು ಎಲ್ಲ ಒಂದೇ ಚಿತ್ರದಲ್ಲಿ. ಅಕ್ಟೋಬರ್‌ನಲ್ಲಿ ಸಾರಿಗೆ ಇಲಾಖೆ ಆ್ಯಪ್ ಕಂಪನಿಗಳಿಗೆ ನೋಟಿಸ್ ಕೊಟ್ಟಿತು. ನವೆಂಬರ್‌ನಲ್ಲಿ ಸರ್ಕಾರ, ಮೀಟರ್ ದರದ ಮೇಲೆ ಶೇ. 5 ಸೇವಾ ಶುಲ್ಕ, ಜಿಎಸ್‌ಟಿ, ಇಷ್ಟೇ ಅಂತ ನಿಗದಿ ಮಾಡಿತು. ಆಮೇಲೆ ಎಷ್ಟು ಪಾಲಿಸಿದರು ಅಂತ ನನ್ನನ್ನು ಕೇಳಬೇಡಿ, ನೀವೂ ಆಟೋ ಹತ್ತೋರೇ. ಆದರೆ ಅಜ್ಜಿಯ ಬಾಟ್ಲು ಕೂಡ ಅಂಥದ್ದೇ ಒಂದು ಸ್ಕ್ರೀನ್‌ಶಾಟ್ ಅಲ್ವಾ? ಬೋರ್ ಎಲ್ಲಿದೆ, ನೀರು ಯಾವಾಗಿಂದ ಹೀಗೆ, ಲ್ಯಾಬಿಗೆ ಕೊಡೋಣ ಅಂತ ಮೇಜಿನ ಆ ಕಡೆ ಕೂತ ಒಬ್ಬರು ಕೇಳಿದ್ದರೆ ಸಾಕಿತ್ತು. ಟವೆಲ್ ಹಾಕಿದವರೆಲ್ಲ ಸೇರಿದರೂ ಅದರಷ್ಟು ತೂಕ ಬರುತ್ತಿರಲಿಲ್ಲ.

ದೊಡ್ಡಪ್ಪ ಆಮೇಲೆ ಸುಮ್ಮನಿರಲಿಲ್ಲ. ಲಿಖಿತವಾಗಿಯೂ ಆಕ್ಷೇಪ ಕೊಡಬಹುದು ಅಂತ ಗೊತ್ತಾದ ಮೇಲೆ ರಾತ್ರಿ ನನ್ನ ಕೈಲಿ ಎರಡು ಪುಟ ಬರೆಸಿದರು. ಯಾವ ತಿಂಗಳು ವಾಸನೆ ಜಾಸ್ತಿ, ಹಳ್ಳದಲ್ಲಿ ಮೀನು ಯಾವಾಗ ಸತ್ತವು, ಯಾರ ಎಮ್ಮೆ ಕಂದು ಹಾಕಿತು, ಎಲ್ಲ. ಸಹಿ ಹಾಕೋ ಹೊತ್ತಿಗೆ ಪೆನ್ನು ಕೆಳಗಿಟ್ಟರು.

“ನಿನ್ ಹೆಸ್ರಲ್ಲೇ ಹಾಕು. ನೀನು ಬೆಂಗ್ಳೂರೋನು, ನಿಂಗೇನ್ ಮಾಡಾರು?”

ಹಾಕಿದೆ. ಬೆಂಗಳೂರಿನ ವಿಳಾಸವನ್ನೂ ಬರೆದೆ. ನಡವಳಿಯ ಕೊನೇ ಪುಟದಲ್ಲಿ ಆ ಪತ್ರದ ಉಲ್ಲೇಖ ಇದೆ. ಮುಂದೆ ಷರಾ: “ಅರ್ಜಿದಾರರು ಸ್ಥಳೀಯ ನಿವಾಸಿಯಲ್ಲ.”