ಕಾಕಾ ಬಂದಾಗ ಇಳಿದ ಮಾಸ್ಕ್

ಮೊನ್ನೆ ನೆಗಡಿ, ಕೆಮ್ಮು ಅಂತ ಮಾಸ್ಕ್ ಹಾಕಿಕೊಂಡು ಬ್ಯಾಂಕಿಗೆ ಹೋಗಿದ್ದೆ. ಪಾಳಿಯಲ್ಲಿ ಮುಂದೆ ನಿಂತವರು ಹೊರಳಿ ನೋಡಿ, "ಯಾಕ್ರೀ ಸಾವ್ಕಾರ್ರ, ಮತ್ತ ಬಂತೇನ ಅದು?" ಅಂದರು. ಇನ್ನಿಬ್ಬರು ನಕ್ಕರು. ನಾನೂ ನಕ್ಕೆ, ಮಾಸ್ಕಿನೊಳಗೆ ಅದು ಯಾರಿಗೂ ಕಾಣಲಿಲ್ಲ. ಕೆಲವೇ ವರ್ಷದ ಹಿಂದೆ ಇದೇ ಪಾಳಿಯಲ್ಲಿ ಮಾಸ್ಕ್ ಇಲ್ಲದವನನ್ನು ಜನ ಹೀಗೆ ಹೊರಳಿ ನೋಡುತ್ತಿದ್ದರು.

ಗುಳೇದಗುಡ್ಡದಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಕೊರೊನಾ ಅಂತ ಊರೆಲ್ಲ ಮುಚ್ಚಿದಾಗಲೂ ದಿನಕ್ಕೆ ಕೆಲವು ತಾಸು ನಾವು ತೆರೆಯಬಹುದಿತ್ತು. ಹಾಗಾಗಿ ಯಾರು ಮಾಸ್ಕ್ ಹಾಕಿದರು, ಯಾರು ಹಾಕಲಿಲ್ಲ, ಯಾರು ಗದ್ದಕ್ಕೆ ಹಾಕಿದರು ಅನ್ನುವುದನ್ನು ಗಲ್ಲಾದ ಹಿಂದೆ ಕೂತು ಎರಡು ವರ್ಷ ನೋಡಿದ್ದೇನೆ. ಆ ಎರಡು ವರ್ಷದಲ್ಲಿ ನನಗೆ ತಿಳಿದದ್ದು ಇಷ್ಟು: ರೋಗದ ಬಗ್ಗೆ ಎಷ್ಟು ಗೊತ್ತು ಅನ್ನುವುದಕ್ಕೂ ಮಾಸ್ಕಿಗೂ ಸಂಬಂಧ ಬಹಳ ಕಡಿಮೆ. ಯಾರು ಹೇಳಿದರು, ಯಾರ ಎದುರಿಗೆ ನಿಂತಿದ್ದೇವೆ, ಅದರ ಮೇಲೆ ಎಲ್ಲ.

ಹೆದರಿಕೆ ಕೆಲಸ ಮಾಡಲಿಲ್ಲ ಅಂತಲ್ಲ. ದೇಶದ ಮೊದಲ ಕೊರೊನಾ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲೇ ಆಯಿತು. ಚೀನಾದ ರೋಗ ಅಂದುಕೊಂಡದ್ದು ಪಕ್ಕಕ್ಕೇ ಬಂದಿತ್ತು. ಆದರೆ ಆಗ ಆರೋಗ್ಯವಾಗಿದ್ದವರಿಗೆ ಮಾಸ್ಕ್ ಬೇಕಿಲ್ಲ ಅಂತ ಸರ್ಕಾರವೇ ಹೇಳುತ್ತಿತ್ತು. ಏಪ್ರಿಲ್ ಮೊದಲ ವಾರ ಮನೆಯಲ್ಲೇ ಹೊಲಿದ ಬಟ್ಟೆಯ ಮಾಸ್ಕ್ ಹಾಕಿಕೊಳ್ಳಿ ಅಂತ ಕೇಂದ್ರ ಸರ್ಕಾರ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯ ಜನರಿಗೂ ಬಟ್ಟೆ ಮಾಸ್ಕ್ ಒಳ್ಳೇದು ಅಂದದ್ದು ಜೂನ್ 5ಕ್ಕೆ. ಮೊದಲು ಬ್ಯಾಡ, ಆಮೇಲೆ ಬೇಕು. "ಇವರಿಗೇ ಗೊತ್ತಿಲ್ರೀ" ಅನ್ನುವ ಮಾತು ನಮ್ಮ ಅಂಗಡಿಯಲ್ಲಿ ಹುಟ್ಟಿದ್ದು ಅಲ್ಲಿಂದ. ಹೊಸ ವಿಷಯ ಗೊತ್ತಾದ ಹಾಗೆ ಸಲಹೆ ಬದಲಾಗುತ್ತದೆ ಅಂತ ಹೇಳಿ ನೋಡಿದೆ. ಬೆಲ್ಲದ ರೇಟು ಬದಲಾದರೂ ಜಗಳ ತೆಗೆಯುವವರು ಅದನ್ನು ಎಲ್ಲಿ ಕೇಳುತ್ತಾರೆ?

ಆಮೇಲೆ ದಂಡ. 2020ರ ಸೆಪ್ಟೆಂಬರ್ ಕೊನೆಗೆ ರಾಜ್ಯ ಸರ್ಕಾರ ನಗರದಲ್ಲಿ 1000, ಹಳ್ಳಿಯಲ್ಲಿ 500 ರೂಪಾಯಿ ಅಂದಿತು. ಜನ ಬೈದರು. ಒಂದೇ ವಾರದಲ್ಲಿ ಅದು 250 ಮತ್ತು 100ಕ್ಕೆ ಇಳಿಯಿತು. ದಂಡ ಏನು ಮಾಡಿತು ಅಂದರೆ ಎಲ್ಲರ ಕಿಸೆಯಲ್ಲಿ ಒಂದು ಮಾಸ್ಕ್ ಇಡಿಸಿತು. ಮುಖಕ್ಕೆ ಬಂದದ್ದು ಜೀಪು ಕಂಡಾಗ ಮಾತ್ರ. ಬೈಕಿನ ಕನ್ನಡಿಗೆ ನೇತು ಬಿದ್ದ ಹೆಲ್ಮೆಟ್ ಸರ್ಕಲ್ ಬಂದಾಗ ತಲೆಗೆ ಏರುತ್ತದಲ್ಲ, ಹಾಗೆ. ಇನ್ನು ಬಾಯಲ್ಲಿ ಗುಟ್ಕಾ ಇದ್ದವರಿಗೆ ದಂಡ ಎಷ್ಟಾದರೂ ಅಷ್ಟೇ. ಎರಡು ನಿಮಿಷಕ್ಕೊಮ್ಮೆ ಉಗುಳಬೇಕು, ಮಾಸ್ಕ್ ಎಲ್ಲಿ ನಿಲ್ಲಬೇಕು?

ನಾನೂ ಒಂದು ಬೋರ್ಡು ಬರೆಸಿದ್ದೆ. ಕೆಂಪು ಅಕ್ಷರ, "ಮಾಸ್ಕ್ ಇಲ್ಲದವರಿಗೆ ಸಾಮಾನು ಇಲ್ಲ". ಅದರ ಕೆಳಗೇ ನಿಂತು ಮಾಸ್ಕಿಲ್ಲದೆ ಅರ್ಧ ಕೆಜಿ ಶೇಂಗಾ ಕೇಳುತ್ತಿದ್ದರು. ಖರೆ ಹೇಳಬೇಕೆಂದರೆ ಬೋರ್ಡು ಸೋತದ್ದಕ್ಕೆ ನಾನೂ ಕಾರಣ. ಉದ್ರಿ ಇದ್ದವರಿಗೆ ಗಟ್ಟಿಯಾಗಿ ಹೇಳುತ್ತಿದ್ದೆ. ತಿಂಗಳಿಗೆ ಎಂಟು ಹತ್ತು ಸಾವಿರದ ಸಾಮಾನು ರೊಕ್ಕ ಕೊಟ್ಟು ಒಯ್ಯುವವರು ಬಂದರೆ ಬೋರ್ಡು ನನಗೂ ಕಾಣುತ್ತಿರಲಿಲ್ಲ.

ಕೆಲಸ ಆದದ್ದು ಅವ್ವನಿಂದ. ಆಗ ಮಗ್ಗಗಳು ನಿಂತಿದ್ದವು. ಕಣ, ಅಂದರೆ ನಮ್ಮೂರ ರವಿಕೆ ಬಟ್ಟೆ, ನೇಯುವ ಮನೆಗಳಲ್ಲಿ ಕೆಲಸವಿಲ್ಲ, ಕೊಳ್ಳುವವರಿಲ್ಲ. ಪರಿಚಯದ ನೇಕಾರರ ಮನೆಯಿಂದ ಅವ್ವ ಕಣದ ತುಂಡು ತರಿಸಿದಳು. ಕಣ ಸ್ವಲ್ಪ ಒರಟು ಅಂತ ಒಳಗೆ ಹಳೆ ಧೋತರದ ಎರಡು ಪದರ ಕೊಟ್ಟು ಹೊಲಿದಳು. ಅಂಗಡಿ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು, ತೊಡೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಳು. "ಯವ್ವಾ, ಮೊದಲ ಮೂಗು ಮುಚ್ಚಕೋ, ಆಮ್ಯಾಲ ಬ್ಯಾಳಿ ಕೇಳು" ಅಂತ ಕೈಗೇ ಕೊಡುತ್ತಿದ್ದಳು. ಬೈಯಲಿಲ್ಲ, ಬಿಡಲೂ ಇಲ್ಲ. ಗಂಡಸರಿಗೆ, "ನಿನ್ನ ವಲ್ಲಿ ಏನ್ ಭುಜಕ್ಕ ಅಷ್ಟ ಐತೇನಪಾ?" ಅನ್ನುವಳು. ಎಪ್ಪತ್ತು ವರ್ಷದ ಮುದುಕಿಯ ಜೊತೆ ಯಾರು ವಾದ ಮಾಡುತ್ತಾರೆ? ಹೆಂಗಸರಂತೂ ಸೀರೆಗೆ ಹೊಂದುವ ಬಣ್ಣ ಆರಿಸಿ ಒಯ್ದರು. "ನಂಗ ಆ ಹಸರ ಅಂಚಿಂದು ಕೊಡ್ರಿ" ಅಂತ ಕೇಳಿ ಪಡೆದವರು ಅದನ್ನು ಕಿಸೆಯಲ್ಲಿ ಇಡುತ್ತಾರೆಯೇ? ತೋರಿಸಿಕೊಳ್ಳುವ ಆಸೆ ಹೆದರಿಕೆಗಿಂತ ಜಾಸ್ತಿ ದಿನ ಬಾಳಿತು.

ಇದು ನಮ್ಮ ಬಾಗಿಲ ಕಥೆ ಅಷ್ಟೇ ಅಂದುಕೊಂಡಿದ್ದೆ. ಆಮೇಲೆ ಬಾಂಗ್ಲಾದೇಶದ ಒಂದು ಅಧ್ಯಯನದ ಬಗ್ಗೆ ಓದಿದೆ. 2020ರ ನವೆಂಬರ್‌ನಿಂದ 2021ರ ಏಪ್ರಿಲ್‌ವರೆಗೆ 600 ಹಳ್ಳಿಗಳಲ್ಲಿ, ಮೂರು ಲಕ್ಷಕ್ಕಿಂತ ಹೆಚ್ಚು ದೊಡ್ಡವರನ್ನು ಸೇರಿಸಿ ಮಾಡಿದ್ದು. ಅರ್ಧ ಹಳ್ಳಿಗಳಲ್ಲಿ ಮನೆಗೇ ಹೋಗಿ ಪುಕ್ಕಟೆ ಮಾಸ್ಕ್ ಕೊಟ್ಟರು. ಮಸೀದಿಯ ಇಮಾಮರು, ಊರ ಹಿರಿಯರು ತಾವು ಹಾಕಿ ತೋರಿಸಿದರು. ಸಂತೆಯಲ್ಲಿ ಮಾಸ್ಕ್ ಇಲ್ಲದೆ ಕಂಡವರನ್ನು ನಿಲ್ಲಿಸಿ, ಬೈಯದೆ ನೆನಪಿಸಿದರು. ಸರಿಯಾಗಿ ಮಾಸ್ಕ್ ಹಾಕುವವರು ನೂರಕ್ಕೆ 13 ಇದ್ದದ್ದು 42 ಆಯಿತು. ಮೊಬೈಲಿಗೆ ಕಳಿಸಿದ ಮೆಸೇಜಿನಿಂದ ಹೆಚ್ಚೇನೂ ಆಗಲಿಲ್ಲ. ಊರಿಗೆ ಬಹುಮಾನ ಕೊಡುತ್ತೇವೆ ಅಂದದ್ದೂ ನಡೆಯಲಿಲ್ಲ. ನಮ್ಮ ಫೋನಿನ ಕೆಮ್ಮು ನೆನಪಾಯಿತು. ಯಾರಿಗೆ ಫೋನ್ ಹಚ್ಚಿದರೂ ಮೊದಲು ಕೆಮ್ಮು, ಆಮೇಲೆ ಉಪದೇಶ. ಅದನ್ನು ಕೇಳಿ ಮಾಸ್ಕ್ ಹಾಕಿದ ಒಬ್ಬರನ್ನೂ ನಾನು ಕಾಣಲಿಲ್ಲ. ಅದನ್ನು ಹೇಗೆ ಬಂದ್ ಮಾಡುವುದು ಅಂತ ಕೇಳಿದವರು ಬಹಳ.

ಬೆಳಗಾವಿಯ ಸಂಸದ, ಕೇಂದ್ರ ರೈಲ್ವೆ ರಾಜ್ಯ ಸಚಿವ ಸುರೇಶ ಅಂಗಡಿ ಅವರು ಕೊರೊನಾದಿಂದ 2020ರ ಸೆಪ್ಟೆಂಬರ್ 23ರಂದು ದೆಹಲಿಯಲ್ಲಿ ತೀರಿಕೊಂಡರು. ನಮ್ಮ ಕಡೆಯ ಮನುಷ್ಯ, ದೊಡ್ಡ ಆಸ್ಪತ್ರೆ, ಆದರೂ ಉಳಿಯಲಿಲ್ಲ. ಆ ವಾರ ನಮ್ಮ ಅಂಗಡಿಗೆ ಬಂದವರಲ್ಲಿ ಮಾಸ್ಕ್ ಇಲ್ಲದವರು ಅಪರೂಪ. ದಸರಾ ಹೊತ್ತಿಗೆ ಮತ್ತೆ ಮೊದಲಿನ ಹಾಗೆ. ಅವರ ಜಾಗಕ್ಕೇ ಉಪಚುನಾವಣೆ ನಡೆದದ್ದು 2021ರ ಏಪ್ರಿಲ್ 17ಕ್ಕೆ, ಎರಡನೇ ಅಲೆ ಏರುತ್ತಿದ್ದಾಗ. ಪ್ರಚಾರದ ಗದ್ದಲವನ್ನು ಟಿವಿಯಲ್ಲಿ ನೋಡಿ ಒಬ್ಬ ಹುಡುಗ ಕೇಳಿದ, "ಅವರಿಗಿಲ್ಲದ ದಂಡ ನನಗ್ಯಾಕ್ರೀ ಅಣ್ಣಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನಿಗೆ ಎರಡು ಶಾಂಪೂ ಪಾಕೀಟು ಕೊಟ್ಟು ಕಳಿಸಿದೆ.

ಇಷ್ಟೆಲ್ಲ ಹೇಳಿ ನನ್ನದನ್ನು ಬಿಟ್ಟರೆ ಹೇಗೆ?

ಅದೇ ಏಪ್ರಿಲ್‌ನಲ್ಲಿ ನಮ್ಮ ತಂಗಿಯ ಕುಬಸ, ಅಂದರೆ ಸೀಮಂತ. ಮನೆಮಂದಿಯಷ್ಟೇ ಅಂತ ಮಾತಾಗಿತ್ತು. ನಮ್ಮಲ್ಲಿ ಮನೆಮಂದಿ ಅಂದರೆ ನಲವತ್ತು ಜನ. ನಾನು ಮಾಸ್ಕ್ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದೆ. ಅಡುಗೆಯವರಿಗೆ ಹೇಳಿ ಹಾಕಿಸಿದೆ. ಪೆಂಡಾಲಿನ ಹುಡುಗರಿಗೂ ಹಾಕಿಸಿದೆ. ಆಗ ಬಾದಾಮಿಯಿಂದ ಕಾಕಾ ಬಂದ. ನನ್ನನ್ನು ಹೆಗಲ ಮೇಲೆ ಹೊತ್ತು ಬನಶಂಕರಿ ಜಾತ್ರೆ ತೋರಿಸಿದ ಕಾಕಾ. ನನ್ನ ಮುಖ ನೋಡಿ ನಿಂತ. "ಯಾಕಲೇ, ನಾ ಏನ್ ಪರಕ್ಯಾ ಆಗೇನೇನ ನಿನಗ?" ಅಂದ.

ನನ್ನ ಕೈ ತಾನಾಗೇ ಮಾಸ್ಕನ್ನು ಗದ್ದಕ್ಕೆ ಇಳಿಸಿತು.

ಇದನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ನಾವು ಮಾಸ್ಕ್ ಹಾಕಿದ್ದು ಗಾಳಿಗಲ್ಲ, ಮನುಷ್ಯರಿಗೆ. ಗುರುತಿಲ್ಲದವರ ಎದುರು ಹಾಕಿದೆವು, ನಮ್ಮವರ ಎದುರು ತೆಗೆದೆವು. ನಮ್ಮವನ ಮುಂದೆ ಮೂಗು ಮುಚ್ಚಿದರೆ ನೀನು ಹೊಲಸು ಅಂದ ಹಾಗೆ. ಯಾರ ಮುಂದೆ ಮೂಗು ಮುಚ್ಚಬೇಕು, ಯಾರನ್ನು ದೂರ ನಿಲ್ಲಿಸಬೇಕು ಅನ್ನುವ ಕೆಟ್ಟ ಲೆಕ್ಕ ಈ ನೆಲದಲ್ಲಿ ಬಹಳ ಹಳೆಯದು. ಆ ದಿನ ನಾನು ಯಾರಿಗೆ ಹೇಳಿ ಹಾಕಿಸಿದೆ, ಯಾರ ಮುಂದೆ ಇಳಿಸಿದೆ ಅಂತ ನೋಡಿದರೆ ನನಗೇ ನಾಚಿಕೆ. ಒಂದು ಮನೆಯಲ್ಲಿ ಗಂಟೆಗಟ್ಟಲೆ ಕೂತು ಉಂಡು ನಕ್ಕು ಮಾತಾಡುವ ನಲವತ್ತು ನೆಂಟರಿಗಿಂತ ವೈರಸ್ಸಿಗೆ ಬೇರೆ ಏನು ಬೇಕಿತ್ತು?

ಹಿರಿತನದ ಸೊಕ್ಕು ಬರೀ ನಮ್ಮದಲ್ಲ. 1910-11ರಲ್ಲಿ ಚೀನಾದ ಮಂಚೂರಿಯಾದಲ್ಲಿ ಪ್ಲೇಗು ಬಂದಾಗ, ಈಗಿನ ಮಲೇಷ್ಯಾದ ಪೆನಾಂಗಿನಲ್ಲಿ ಹುಟ್ಟಿದ ವೂ ಲಿಯೆನ್-ತೆ ಅನ್ನುವ ಎಳೆ ವಯಸ್ಸಿನ ಡಾಕ್ಟರು, ಇದು ಉಸಿರಿನಿಂದ ಹರಡುತ್ತಿದೆ, ಬಟ್ಟೆಯ ಮಾಸ್ಕ್ ಕಟ್ಟಿಕೊಳ್ಳಿ ಅಂದರು. ಮೆನಿ ಅನ್ನುವ ಹಿರಿಯ ಫ್ರೆಂಚ್ ಡಾಕ್ಟರು ಅದನ್ನು ಒಪ್ಪಲಿಲ್ಲ. ಮಾಸ್ಕ್ ಇಲ್ಲದೆ ರೋಗಿಗಳನ್ನು ನೋಡಿದರು, ಕೆಲವೇ ದಿನದಲ್ಲಿ ಅದೇ ಪ್ಲೇಗಿಗೆ ಸತ್ತರು. ಅಷ್ಟು ಓದಿದವರೇ ಹೀಗಾದರೆ ನಮ್ಮ ಕಾಕಾ ಏನು ಮಹಾ.

ಕುಬಸದ ಮೂರನೇ ದಿನ ನನಗೆ ಜ್ವರ. ಐದನೇ ದಿನ ಕಾಕಾಗೆ. ನನ್ನದು ಮನೆಯಲ್ಲೇ ಕಡಿಮೆ ಆಯಿತು. ಕಾಕಾ ಬಾಗಲಕೋಟೆಯಲ್ಲಿ ಹನ್ನೆರಡು ದಿನ ಆಕ್ಸಿಜನ್ ಮೇಲೆ ಇದ್ದ. ನನ್ನಿಂದ ಬಂತೋ, ಅವನಿಂದ ನನಗೆ ಬಂತೋ, ಬಡಿಸಿದವರಿಂದ ಇಬ್ಬರಿಗೂ ಬಂತೋ, ಯಾರೂ ಹೇಳಲಾರರು. ಕಾಕಾ ತಿರುಗಿ ಬಂದ. ಈಗಲೂ ಯಾರಾದರೂ ಆ ಮಾತು ತೆಗೆದರೆ, "ಅದು ಬಸ್ಸಿನ್ಯಾಗ ಹತ್ತಿದ್ದು" ಅನ್ನುತ್ತಾನೆ. ಅವನು ಬಂದದ್ದು ಮಗನ ಬೈಕಿನ ಮೇಲೆ.

ಬ್ಯಾಂಕಿನಿಂದ ಬಂದ ದಿನ ಸಂಜೆ ಕಾಕಾ ಅಂಗಡಿಗೆ ಬಂದ. ಸಕ್ಕರೆ ಚೀಲದ ಮೇಲೆ ಕೂತು ಮುಖ ನೋಡಿದ. "ತಗೀಲೇ ಅದನ್ನ, ನಿನ್ನ ಮಾತು ಕೇಳ್ಸವಲ್ದು" ಅಂದ. "ನೆಗಡಿ ಆಗೇತಿ ಕಾಕಾ" ಅಂತ ದನಿ ಏರಿಸಿ ಹೇಳಿದೆ. ತೆಗೆಯಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಚೀಲದಿಂದ ಎದ್ದು, ಬಾಗಿಲಲ್ಲಿ ಗಾಳಿ ಆಡುವ ಕಡೆ ಅವ್ವನ ಹಳೆ ಸ್ಟೂಲ್ ಎಳೆದುಕೊಂಡು ಕೂತು, "ಹಂಗಾರ ಒದರಿ ಮಾತಾಡು" ಅಂದ.