48 ವರ್ಷಕ್ಕೆ 8.4 ಅಂಕ

ನಿನ್ನೆ ಮೇಷ್ಟ್ರುಗಳ ಒಂದು ಪ್ರಮೋಷನ್ ಮೀಟಿಂಗಲ್ಲಿ ಕೂತಿದ್ದೆ. ನಾನು ಯಾವ ಕರ್ಮಕ್ಕೆ ಅಲ್ಲಿದ್ದೆ ಅನ್ನೋದು ಹಳೇ ಫ್ರೆಂಡ್ಸ್‌ಗೆ ಗೊತ್ತೇ ಇದೆ, ಮತ್ತೆ ಆ ಪುರಾಣ ಬೇಡ. ಎದುರಿಗೆ ಒಬ್ಬ ಹುಡುಗ, ಕಾಡಂಚಿನ ಒಂದು ಸಣ್ಣ ಭಾಷೆ ಮೇಲೆ ಕೆಲಸ ಮಾಡ್ತಿದಾನೆ, ಒಳ್ಳೇ ಕೆಲಸ, ನಾನೇ ನೋಡಿದೀನಿ. ಹೊರಗಿಂದ ಬಂದಿದ್ದ ಎಕ್ಸ್‌ಪರ್ಟ್ ಮಹಾಶಯರು ಫೈಲ್ ತಿರುವಿ ಹಾಕಿ "ಏನಪ್ಪಾ, ಇಷ್ಟು ವರ್ಷಕ್ಕೆ ಒಂದೇ ಪೇಪರ್ರಾ?" ಅಂದ್ರು. "ಶಬ್ದಕೋಶ ಮಾಡ್ತಿದೀನಿ ಸರ್, ಈಗ ಗಿಡಮರ, ಹಕ್ಕಿಗಳ ಹೆಸರು ಸೇರಿಸ್ತಿದೀನಿ, ಟೈಮ್ ಹಿಡೀತಿದೆ" ಅಂದ. "ಗಿಡಮರಕ್ಕೆ ಬಾಟನಿಯವರು ಇದಾರಲ್ಲಪ್ಪಾ!" ಎಲ್ಲರೂ ನಕ್ಕರು. ಬಿಸ್ಕತ್ತು ಬಂತು. ನಾನು ಅಲ್ಲೇ ನಾಲ್ಕು ಮಾತು ಅಂದೆ, ಅದೇನೂ ಮಿನಿಟ್ಸಲ್ಲಿ ಬರಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ, ಉದ್ದ ಆಗತ್ತೆ, ಪುರುಸೊತ್ತಿದ್ದೋರು ಓದಿ.

ಆಂಡ್ರೂ ಪಾಲಿ ಅಂತ ಒಬ್ಬ ವಿದ್ವಾಂಸರು. 1941ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ್ದು, ಓದಿದ್ದು ನ್ಯೂಜಿಲೆಂಡಿನ ಆಕ್ಲೆಂಡಲ್ಲಿ, ಅಲ್ಲಿ ಯೂನಿವರ್ಸಿಟಿಯಲ್ಲಿ ಮಾವೊರಿ ಭಾಷೆಯ ಪಾಠ ಶುರು ಮಾಡಿದ ಬ್ರೂಸ್ ಬಿಗ್ಸ್ ಅವರ ಶಿಷ್ಯ. ಭಾಷಾವಿಜ್ಞಾನ ಕಲಿಸ್ತಿದ್ದಿದ್ದು ಆಂಥ್ರೊಪಾಲಜಿ ಡಿಪಾರ್ಟ್‌ಮೆಂಟಲ್ಲಿ. ನಮ್ಮ ಎಕ್ಸ್‌ಪರ್ಟ್ ಸಾಹೇಬ್ರು ಅಲ್ಲಿದ್ದಿದ್ರೆ ಬಾಗಿಲಲ್ಲೇ ತಡೀತಿದ್ರು. 1963ರಲ್ಲಿ ಪಾಲಿ ಪಪುವಾ ನ್ಯೂಗಿನಿಯ ಶ್ರೇಡರ್ ಬೆಟ್ಟಗಳ ಕೈರೊಂಕ್ ಕಣಿವೆಗೆ ಹೋದ್ರು, ಕಲಾಂ ಅನ್ನೋ ಭಾಷೆಗೋಸ್ಕರ. ರಾಲ್ಫ್ ಬಲ್ಮರ್ ಅನ್ನೋ ಪ್ರಾಣಿಪಕ್ಷಿ ಹುಚ್ಚಿನ ಮಾನವಶಾಸ್ತ್ರಜ್ಞರು ಆಗಲೇ ಅಲ್ಲಿ ಬೀಡುಬಿಟ್ಟಿದ್ರು. ಇಬ್ಬರೂ ಸೇರಿ ಕಲಾಂ ನಿಘಂಟು ಕೈಗೆತ್ತಿಕೊಂಡ್ರು. ಅದು ಪ್ರಿಂಟಾಗಿ ಬಂದಿದ್ದು ಯಾವಾಗ ಗೊತ್ತಾ? 2011ರಲ್ಲಿ.

ಹೌದು, 48 ವರ್ಷ.

ಈಗ ಮೇಷ್ಟ್ರುಗಳ ಸಂಶೋಧನೆಗೆ ಅಂಕ ಹಾಕೋ ನಮ್ಮ ಯುಜಿಸಿಯ 2018ರ ನಿಯಮದ ಕೋಷ್ಟಕ ತೆಗೀರಿ. ಅಂತರರಾಷ್ಟ್ರೀಯ ಪ್ರಕಾಶಕರ ಪುಸ್ತಕಕ್ಕೆ 12 ಅಂಕ. ಇಬ್ಬರು ಬರೆದಿದ್ರೆ ತಲಾ 70 ಪರ್ಸೆಂಟ್ ಅನ್ನೋ ಲೆಕ್ಕ ಹಾಕಿ. 8.4. ಅದೇ ಕೋಷ್ಟಕದಲ್ಲಿ ನಮ್ಮಂಥ ಭಾಷೆಯೋರಿಗೆ ಒಂದು ಪೇಪರ್‌ಗೆ 10 ಅಂಕ. ಅಂದ್ರೆ ಒಂದಿಡೀ ಜನಾಂಗದ ಮಾತನ್ನ ಅರ್ಧ ಶತಮಾನ ಕೂತು ಕೂಡಿಟ್ಟಿದ್ದಕ್ಕಿಂತ, ರಾತ್ರಿ ಊಟ ಆದ್ಮೇಲೆ ಹಳೇ ಥೀಸಿಸ್‌ನ ಒಂದು ಅಧ್ಯಾಯ ತುಂಡು ಮಾಡಿ ಎಲ್ಲೋ ಕಳಿಸಿದ ಎಂಟು ಪುಟ ದೊಡ್ಡದು!

ಗಿಡಮರದ ಜೋಕ್ ಮಾಡಿದವರಿಗೆ ಇನ್ನೊಂದು ವಿಷಯ. ಕಲಾಂ ಜನರ ಲೆಕ್ಕದಲ್ಲಿ ಬಾವಲಿಗಳು ಹಕ್ಕಿಗಳ ಗುಂಪಿಗೆ ಸೇರ್ತವೆ, ಆದ್ರೆ ಕ್ಯಾಸೊವರಿ ಅನ್ನೋ ಆಳೆತ್ತರದ ಹಕ್ಕಿ ಸೇರಲ್ಲ. ಯಾಕೆ ಸೇರಲ್ಲ ಅನ್ನೋದರ ಮೇಲೆ ಬಲ್ಮರ್ 1967ರಲ್ಲಿ ಬರೆದ ಲೇಖನವನ್ನ ಇವತ್ತಿಗೂ ಪಾಠ ಮಾಡ್ತಾರೆ. ಆಮೇಲೆ ಬೆಟ್ಟದ ಮೇಲೆ ಕೇದಗೆ ಜಾತಿಯ ಒಂದು ಮರ ಇದೆ, ಅದರ ಕಾಯಿ ಒಳಗಿನ ಬೀಜ ತಿಂತಾರೆ. ಆ ಕೊಯ್ಲಿಗೆ ಹೋದಾಗ ಮನೆ ಮಾತು ಆಡೋ ಹಾಗಿಲ್ಲ, ಆಡಿದ್ರೆ ಕಾಯಿ ಕೆಡತ್ತೆ ಅಂತ ನಂಬಿಕೆ, ಅದಕ್ಕೆ ಅಂತಲೇ ಬೇರೆ ಪದಗಳ ಒಂದು ಗಂಟೇ ಇದೆ, ವ್ಯಾಕರಣ ಅದೇ, ಪದ ಮಾತ್ರ ಬೇರೆ. ಇನ್ನು ಕ್ರಿಯಾಪದದ ಕಥೆ ಕೇಳಿ: ಧಾತುಗಳು ಇರೋದೇ ಸುಮಾರು 130. ಹಾಗಿದ್ರೆ ಸಂಸಾರ ಹೇಗೆ ನಡೆಯತ್ತೆ? ಒಂದಕ್ಕೊಂದು ಪೋಣಿಸ್ತಾರೆ. ಮೈ ತಿಕ್ಕಿ ಮಸಾಜ್ ಮಾಡೋದನ್ನ ಹೇಳ್ಬೇಕಾದ್ರೆ ಬಡಿ, ಉಜ್ಜು, ಹಿಡಿ, ಬಾ, ಏರು, ಹಿಡಿ, ಬಾ, ಇಳಿ, ಮಾಡು ಅಂತ ಒಂದೇ ಉಸಿರಲ್ಲಿ ಸಾಲಾಗಿ ಬರತ್ತೆ, ಕಣ್ಣೆದುರಿಗೆ ಕೈ ಓಡಾಡಿದ ಹಾಗೆ. ಇದನ್ನೆಲ್ಲ ಮೂರು ತಿಂಗಳ ಮೈನರ್ ಪ್ರಾಜೆಕ್ಟಲ್ಲಿ ಹಿಡೀತೀರಾ ಸ್ವಾಮಿ? ಯುಟಿಲೈಸೇಷನ್ ಸರ್ಟಿಫಿಕೇಟ್ ಜೊತೆಗೆ?

ತಮಾಷೆ ಏನಪ್ಪಾ ಅಂದ್ರೆ ಕಲಾಂ ಅವರ 'ಸ್ಪೆಷಲೈಸೇಷನ್'ಗೆ ಸೇರಿದ್ದೇ ಅಲ್ಲ. ಪಾಲಿ ಹೆಸರು ಮಾಡಿದ್ದು ಪಾಲಿನೇಷ್ಯನ್, ಓಷಿಯಾನಿಕ್ ಅನ್ನೋ ಪೆಸಿಫಿಕ್ ದ್ವೀಪಗಳ ಭಾಷೆಗಳಲ್ಲಿ, ಕಲಾಂ ಆ ಕುಟುಂಬದ್ದೇ ಅಲ್ಲ, ಟ್ರಾನ್ಸ್ ನ್ಯೂಗಿನಿ ಅನ್ನೋ ಬೇರೆ ಕುಟುಂಬದ್ದು. ಕಲಾಂ ವ್ಯಾಕರಣದ ಮೇಲೆ ಪಿಎಚ್‌ಡಿ ಮುಗಿಸಿದ 1966ರಲ್ಲೇ ಪಾಲಿನೇಷ್ಯನ್ ಸೊಸೈಟಿಯ ಜರ್ನಲ್ಲಲ್ಲಿ ಒಂದು ಲೇಖನ ಬರೆದ್ರು. ಟೊಂಗಾದಿಂದ ಹವಾಯಿವರೆಗೆ, ಈಸ್ಟರ್ ದ್ವೀಪದಿಂದ ನ್ಯೂಜಿಲೆಂಡ್‌ವರೆಗೆ ಚೆಲ್ಲಾಪಿಲ್ಲಿ ಆಗಿರೋ ಭಾಷೆಗಳಲ್ಲಿ ಯಾರಿಗೆ ಯಾರು ಹತ್ತಿರದ ದಾಯಾದಿ ಅನ್ನೋದು ಪ್ರಶ್ನೆ. ಎರಡು ಭಾಷೆ ಒಂದೇ ಥರ ಕಂಡ್ರೆ ಸಾಲದು, ಹಳೇದನ್ನ ಹಾಗೇ ಇಟ್ಕೊಂಡಿದ್ರೂ ಒಂದೇ ಥರ ಕಾಣ್ತವೆ, ಇಬ್ಬರೂ ಒಟ್ಟಿಗಿದ್ದಾಗ ಹೊಸದಾಗಿ ಏನು ಬದಲಾಯಿಸ್ಕೊಂಡ್ರು ಅನ್ನೋದು ಸಾಕ್ಷಿ. ಪಾಲಿ ಪದಪಟ್ಟಿ ಬಿಟ್ಟು ಸರ್ವನಾಮ, ಅವ್ಯಯದಂಥ ವ್ಯಾಕರಣದ ಸಣ್ಣಪುಟ್ಟ ಭಾಗಗಳನ್ನೇ ಜಾಲಾಡಿ, ಟೊಂಗಾ ಮತ್ತು ನಿಯುಯೆ ಒಂದು ಕವಲು, ಸಮೋವಾ, ಟಹೀಟಿ, ಹವಾಯಿ, ಮಾವೊರಿ ಎಲ್ಲ ಇನ್ನೊಂದು ಕವಲು ಅಂತ ತೋರಿಸಿದ್ರು. ಈ ಮೊದಲ ಸೀಳು ಇವತ್ತಿಗೂ ಪಠ್ಯಪುಸ್ತಕದಲ್ಲಿದೆ. ವಯಸ್ಸು ಇಪ್ಪತ್ತೈದು!

ಆಮೇಲೆ ಪಪುವಾ ನ್ಯೂಗಿನಿ, ಹವಾಯಿಗಳಲ್ಲಿ ಪಾಠ, ಫಿಜಿಯ ಪಶ್ಚಿಮದ ವಾಯಾ ದ್ವೀಪದ ಮಾತಿನ ಮೇಲೆ ಕೆಲಸ, 1990ಕ್ಕೆ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿ. ಅಲ್ಲಿ ಮಾಲ್ಕಮ್ ರಾಸ್, ಮೆರೆಡಿತ್ ಆಸ್ಮಂಡ್ ಜೊತೆ ಪ್ರೋಟೊ ಓಷಿಯಾನಿಕ್, ಅಂದ್ರೆ ಓಷಿಯಾನಿಕ್ ಭಾಷೆಗಳ ಮೂಲ ಭಾಷೆಯ, ಶಬ್ದಸಂಪತ್ತಿನ ಸಂಪುಟಗಳು. ಮೂರು ಸಾವಿರ ವರ್ಷಕ್ಕೂ ಹಿಂದೆ ನ್ಯೂಗಿನಿ ಪಕ್ಕದ ಬಿಸ್ಮಾರ್ಕ್ ದ್ವೀಪಗಳಲ್ಲಿ ಆಡ್ತಿದ್ದ, ಒಂದಕ್ಷರವೂ ಬರಹದಲ್ಲಿ ಉಳಿಯದ ಭಾಷೆಯನ್ನ ಅದರ ನೂರಾರು ಮೊಮ್ಮಕ್ಕಳ ಬಾಯಿಂದ ಮತ್ತೆ ಕಟ್ಟೋದು. ಹಾಯಿ, ದೋಣಿ, ದೋಣಿ ಮಗುಚದ ಹಾಗೆ ಪಕ್ಕಕ್ಕೆ ಕಟ್ಟೋ ದಿಮ್ಮಿ, ಆ ದಿಮ್ಮಿಯನ್ನ ಹಿಡಿದಿಡೋ ಅಡ್ಡತೊಲೆ, ಒಂದೊಂದಕ್ಕೂ ಹೆಸರು ಸಿಕ್ಕಿದೆ. ಮೊದಲ ಸಂಪುಟ 1998, ಐದನೇದು 2016. ಮೂರನೇ ಸಂಪುಟ ಪೂರ್ತಿ ಗಿಡಮರ. ಬಾಟನಿಯವರಿಗೆ ಬಿಡ್ಬೇಕಿತ್ತು ಅಲ್ವಾ ಸರ್?

ಈಗ ಯಾರೋ ಹೇಳೇ ಹೇಳ್ತೀರ, "ಮೇಡಂ, ಅವರು ಮಧ್ಯದಲ್ಲಿ ಪೇಪರ್ ಬರೀತಾನೇ ಇದ್ರಲ್ಲ". ಬರೀತಿದ್ರು, ರಾಶಿ ರಾಶಿ. ಆದ್ರೆ ಎಲ್ಲಿಂದ ಬಂದವು ಅವು? ಜನರ ಬಾಯಿ ಮಾತನ್ನ ವರ್ಷಗಟ್ಟಲೆ ಕೇಳಿಸ್ಕೊಂಡಿದ್ದರಿಂದ ಬಂದವು. ಫ್ರಾನ್ಸೆಸ್ ಸೈಡರ್ ಜೊತೆ 1983ರಲ್ಲಿ ಬರೆದ ಒಂದು ಲೇಖನ, ನಾವು ಮಾತಾಡುವಾಗ ಪ್ರತಿ ವಾಕ್ಯ ಹೊಸದಾಗಿ ಹೊಲಿಯಲ್ಲ, ರೆಡಿಮೇಡ್ ತುಂಡುಗಳನ್ನ ಲಕ್ಷಗಟ್ಟಲೆ ತಲೆಯಲ್ಲಿ ಇಟ್ಕೊಂಡಿರ್ತೀವಿ ಅನ್ನೋದು, ಪಾಲಿನೇಷ್ಯಾ ಎಲ್ಲಿದೆ ಅಂತ ಗೊತ್ತಿಲ್ಲದ ಇಂಗ್ಲಿಷ್ ಮೇಷ್ಟ್ರುಗಳೂ ಉದ್ಧರಿಸ್ತಾರೆ. ಇನ್ನು ಕೆಲವರದ್ದು "ಲೆಕ್ಕ ಕೇಳದಿದ್ರೆ ಜನ ಸೋಮಾರಿ ಆಗ್ತಾರೆ". ಅಯ್ಯೋ, ಸೋಮಾರಿಗಳು ಯಾವತ್ತು ಲೆಕ್ಕಕ್ಕೆ ಹೆದರಿದಾರೆ? ದುಡ್ಡು ಕೊಟ್ಟು ಪೇಪರ್ ಹಾಕಿಸ್ಕೊಂಡು ಅವರೇ ಎಲ್ಲರಿಗಿಂತ ಮೊದಲು ಪ್ರೊಫೆಸರ್ ಆಗಿದಾರೆ. ಕಿಟ್ಟೆಲ್ ಈ ದೇಶಕ್ಕೆ ಬಂದಿದ್ದು 1853, ನಿಘಂಟು ಅಚ್ಚಾಗಿದ್ದು 1894, ಮಧ್ಯದಲ್ಲಿ ಅವರ ರಿಸರ್ಚ್ ಸ್ಕೋರ್ ಎಷ್ಟು ಅಂತ ಯಾರಾದ್ರೂ ಕೇಳಿದ್ರಾ?

ನಿಜ ಹೇಳ್ಬೇಕಂದ್ರೆ ನನಗೆ ಆ 48 ವರ್ಷದ ಬಗ್ಗೆ ಗೌರವಕ್ಕಿಂತ ಹೊಟ್ಟೆಯುರಿ ಜಾಸ್ತಿ. ಬಲ್ಮರ್ 1988ರಲ್ಲಿ ತೀರ್ಕೊಂಡ್ರು. ಪಾಲಿ ಕೆಲಸ ನಿಲ್ಲಿಸಲಿಲ್ಲ, ಸ್ನೇಹಿತನ ಹೆಸರೂ ತೆಗೀಲಿಲ್ಲ. ಬಲ್ಮರ್ ಮತ್ತು ಕಲಾಂ ಊರಿನವರೇ ಆದ ಸಯೆಮ್ ಮಜ್ನೆಪ್ ಸೇರಿ ಬರೆದಿದ್ದ ಬೇಟೆ ಪ್ರಾಣಿಗಳ ಪುಸ್ತಕವನ್ನ ರಾಬಿನ್ ಹೈಡ್ ಜೊತೆ ಎಡಿಟ್ ಮಾಡಿ 2007ರಲ್ಲಿ ಹೊರಗೆ ತಂದ್ರು, ಅದರಲ್ಲಿ ಮೊದಲ ಹೆಸರು ಮಜ್ನೆಪ್‌ದು, ನಾವಾಗಿದ್ರೆ 'ಮಾಹಿತಿದಾರರಿಗೆ ಕೃತಜ್ಞತೆ' ಅಂತ ಕೊನೇ ಪುಟದಲ್ಲಿ ಒಂದು ಸಾಲು ಹಾಕಿ ಕೈ ತೊಳ್ಕೋತಿದ್ವಿ. 2011ರ ನಿಘಂಟಿನಲ್ಲೂ ಬಲ್ಮರ್ ಹೆಸರಿದೆ, ಸತ್ತು ಇಪ್ಪತ್ಮೂರು ವರ್ಷ ಆದ್ಮೇಲೆ. ನಾನು ಸತ್ರೆ ನನ್ನ ಶೂ ಡಬ್ಬಿಯಲ್ಲಿರೋ ಚೀಟಿಗಳನ್ನ ಯಾರಾದ್ರೂ ತೆಗೆದು ನೋಡ್ತಾರಾ? ನಮ್ಮ ಸ್ಟಾಫ್ ರೂಮಲ್ಲಿ ಡಿಎ ಅರಿಯರ್ಸ್ ಬಿಟ್ಟು ಇನ್ನೊಂದು ಮಾತಾಡೋಕೆ ಜನ ಇಲ್ಲ.

ಆ ಹುಡುಗನಿಗೆ ರಾತ್ರಿ ಫೋನ್ ಮಾಡಿದ್ದೆ. "ಬಿಡಿ ಮೇಡಂ, ನಾಡಿದ್ದು ಹಾಡಿಗೆ ಹೋಗ್ತಿದೀನಿ, ಮಳೆ ಬಿದ್ದಿದೆ, ಅಣಬೆ ಎದ್ದಿರತ್ತೆ, ಈಗ ಬಿಟ್ರೆ ಅವುಗಳ ಹೆಸರು ಮುಂದಿನ ವರ್ಷಕ್ಕೇ" ಅಂದ. ಪ್ರೋಟೊ ಓಷಿಯಾನಿಕ್ ಸಂಪುಟಗಳ ಲಿಂಕ್ ಕಳಿಸಿದೀನಿ, ಎಲ್ಲ ಫ್ರೀಯಾಗಿ ಡೌನ್‌ಲೋಡ್ ಆಗ್ತವೆ, ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ. ನಾಲ್ಕನೇ ಸಂಪುಟದ ಮೀನು, ಹಕ್ಕಿಗಳಿಂದ ಶುರು ಮಾಡಿ. "ಇದರಿಂದ ಏನು ಉಪಯೋಗ ಮೇಡಂ" ಅನ್ನೋ ಕಾಮೆಂಟ್ ಹಾಕೋರಿಗೆ ಮಾತ್ರ ಇವತ್ತು ಉತ್ತರ ಕೊಡೋ ಮೂಡಿಲ್ಲ, ಡಿಲೀಟ್ ಮಾಡ್ತೀನಿ.